ಉಪ್ಪುಗಿಡಕ್ಕೆ ಸಿಹಿನೀರು

ಹಿತ್ತಿಲ ಜಗಲಿ,
ಹದಿನಾಲ್ಕನೇ ತಾರೀಖು, ಸಂಜೆ

ಮುದ್ದಿನ ಮಗಳೇ,

ನಿನ್ನೆ ಫೋನಿನಲ್ಲಿ ಮಾತು ನುಂಗಿಕೊಂಡೆ, ನಿನ್ನ ಗಂಡ, ನಮ್ಮ ಅಳಿಯಂದಿರು, ಪಕ್ಕದಲ್ಲೇ ಇದ್ದರು, ಅದಕ್ಕೇ. ಮೊದಲು ನಿನ್ನ ಸೊಂಟನೋವು ಹೇಗಿದೆ ಹೇಳು. ನರ್ಸಿಂಗ್ ತರಬೇತಿಯೆಂದರೆ ದಿನವಿಡೀ ನಿಂತೇ ಇರಬೇಕೇ? ನನ್ನ ಮಂಡಿನೋವು ಏರಿಲ್ಲ, ಇಳಿದಿಲ್ಲ.

ವಿಷಯ ಇದು. ನಿಮ್ಮಮ್ಮ ಉಪ್ಪು ಬಯಲಿನ ಅಂಚಿಗೆ ಸಾಲಾಗಿ ನೆಟ್ಟಿದ್ದ ಉಪ್ಪುಗಿಡಗಳು ಒಂದೊಂದಾಗಿ ಸಾಯುತ್ತಿವೆ. ಹುಲ್ಲೂ ಹುಟ್ಟದ ಆ ಬಿಳಿ ನೆಲದಲ್ಲಿ ಬೇರಿನಿಂದ ಉಪ್ಪು ಹೀರಿ, ಎಲೆಯ ಮೇಲೆ ಪುಡಿಯಾಗಿ ಉಗುಳಿ ಬದುಕುವ ಗಟ್ಟಿ ಜೀವ ಅದು. ನಮ್ಮ ಬಾಟನಿ ಲೆಕ್ಚರರ್ ಹ್ಯಾಲೋ-ಏನೋ ಎನ್ನುತ್ತಿದ್ದರು, ಹ್ಯಾಲೋ ಮಾತ್ರ ನೆನಪಿದೆ. ಎಂಥ ಬೇಸಿಗೆಗೂ ಬಗ್ಗದ್ದು ಈಗೇಕೆ ಸಾಯಬೇಕು? ದಿನಾ ಒಂದೆಲೆ ನೆಕ್ಕಿ ನೋಡುವುದು ನನ್ನ ರೂಢಿ ("ಬಂತು ನೋಡು ಮೇಕೆ" ಎನ್ನುತ್ತಿದ್ದಳು ನಿಮ್ಮಮ್ಮ). ಹಿತ್ತಿಲ ಬಾಗಿಲ ಕಡೆಯವು ಈಗ ಸಪ್ಪೆ. ಬುಡ ಕೆದಕಿದರೆ ಕೆಸರು, ಬೇರು ಕಪ್ಪು.

ಅಳಿಯಂದಿರು ಕೆಲಸ ಮಾಡುವ ಉಪ್ಪಿನ ಕಂಪನಿಗೆ ಲಾರಿ ಓಡಿಸಲು ಇದೇ ಅಂಚು ಬೇಕು. ಗಿಡವಿರುವವರೆಗೆ ಕೊಡುವುದಿಲ್ಲವೆಂದು ನಾನು ಹೇಳಿ ಕಳಿಸಿದ್ದೇನೆ. ಅಳಿಯಂದಿರೋ, ನಾನು ಕಣ್ಣು ಮುಚ್ಚಿದ ಹೊತ್ತು ನೋಡಿ ಡಬ್ಬ ಹಿಡಿದು ಅತ್ತ ಹೋಗುತ್ತಾರೆ. ಕೇಳಿದರೆ, "ಏನಿಲ್ಲ ಮಾವ, ಸ್ವಲ್ಪ ಗಾಳಿಗೆ ಹೋಗಿದ್ದೆ." ಗಾಳಿಗೆ ಡಬ್ಬ ಯಾಕಪ್ಪ? ಸರ್ಕಮ್‌ಸ್ಟಾನ್ಸ್ ಎವಿಡೆನ್ಸ್ ಎಂದರೆ ಇದೇ ತಾನೇ? ನಿನ್ನೆ ಡಬ್ಬ ಮೂಸಿದೆ, ವಿಷದ ವಾಸನೆಯಿಲ್ಲ. ಏನಾದರಾಗಲಿ ಎಂದು ಒಂದು ಗುಟುಕು ಕುಡಿದೂ ನೋಡಿದೆ. ಸಿಹಿನೀರು! ಟ್ಯಾಂಕರಿನದು, ತಲೆಗೊಂದೇ ಕೊಡ ಸಿಗುವಂಥದ್ದು. ನನ್ನ ಕೊಡ ತುಂಬಿದೆ, ಅವರದು ತಳ ಕಂಡಿದೆ. ಅವರ ಮೈಗೆ ನೀರು ಬಿದ್ದು ವಾರವಾಗಿರಬೇಕು, ಪಕ್ಕ ಕೂತರೆ ಗೊತ್ತಾಗುತ್ತದೆ.

ಉಪ್ಪುನೆಲದ ಗಿಡಕ್ಕೆ ದಿನಾ ನೀರು ಸುರಿದರೆ ಕೊಳೆಯದೇ? ಇದು ಉಪಾಯವೋ, ಪೆದ್ದುತನವೋ? ಕೊಲ್ಲುವವರು ತಮ್ಮ ಸ್ನಾನ ಬಿಟ್ಟು ಕೊಲ್ಲುತ್ತಾರೆಯೇ? ಆದರೂ ಕಂಪನಿಯವರ ಬುದ್ಧಿ ನೀನು ಕಂಡಿಲ್ಲ, ಒಬ್ಬೊಬ್ಬರು... ಅಯ್ಯೋ, ಬೆಳಕು ಹೋಗುತ್ತಿದೆ, ಬರೆದ ಸಾಲೇ ಕಾಣುತ್ತಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು, ನೂರು ಕಾಲ ಬಾಳು.

ನಿನ್ನ
ಅಪ್ಪ

ಮರೆತಿದ್ದೆ: ಆ ಗಿಡಗಳಿಗೆ ನೀರು ಬೇಡವೆಂದು ಅವರಿಗೆ ನೀನೇ ಹೇಳು. ನಿನಗೇ ಹೊಳೆದ ಹಾಗೆ ಹೇಳು, ನನ್ನ ಹೆಸರು ಎತ್ತಬೇಡ. ಮೊನ್ನೆ ಊಟಕ್ಕೆ ಕೂತಾಗ "ಕಂಪನಿ ಉಪ್ಪು ತಿಂದವರು ಕಂಪನಿ ಕಡೆಗೇ ಅಲ್ವೇ" ಎಂದು ಚುಚ್ಚಿಬಿಟ್ಟಿದ್ದೇನೆ. ಈಗ ಯಾವ ಮುಖ ಇಟ್ಟುಕೊಂಡು ಹೇಳಲಿ? ಕಾಗದ ಕೈಸೇರಿದ ಕೂಡಲೇ ಫೋನ್ ಮಾಡು. ಡಬ್ಬವನ್ನೇನೋ ನನ್ನ ಮಂಚದ ಕೆಳಗೆ ಬಚ್ಚಿಟ್ಟಿದ್ದೇನೆ, ಆದರೆ ಅಗೋ, ಚೊಂಬು ಹಿಡಿದು ಹೊರಟರು.