ಕ್ಲಾರ್ನೆಟ್ ಪೆಟ್ಟಿಗೆಯಲ್ಲಿ ಉಳಿದ ಗುಳಿಗೆಗಳು

ಬೆಟಗೇರಿ,
ಫೆಬ್ರವರಿ ೩೦, ೨೧೭೩

ಬ್ಯಾಂಡಿನ ಹುಲಿಗೆಪ್ಪಜ್ಜನವರಿಗೆ, ನಿಮ್ಮ ಮರಿಮೊಮ್ಮಗಳ ಮೊಮ್ಮಗಳು ಚಿನ್ನವ್ವ ಮಾಡುವ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಗೆ ಆಗುತ್ತಿದ್ದ ಅನ್ಯಾಯವನ್ನು ನಾವು ಸರಿಪಡಿಸಿದ್ದೇವೆ. ಈ ಕಾಗದ ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲಿನಲ್ಲಿ, ಬರುತ್ತಿದೆ. ಜನ್ಮಕ್ಕೆ ಒಂದೇ ಕಾಗದ ಎಂಬುದು ನಿಯಮ. ಎಲ್ಲರೂ ತಮ್ಮ ಹಿರಿಯರಿಗೆ ರಿಂಗ್ ರೋಡಿನ ಪಕ್ಕ ಜಾಗ ಹಿಡಿಯಿರಿ ಎಂದು ಬರೆಯುತ್ತಾರೆ. ನಾನು ಗುಳಿಗೆ ನುಂಗಿ ಎಂದು ಬರೆಯಲು ಹೊರಟಿದ್ದಕ್ಕೆ ನನ್ನ ಗಂಡ ಮೂರು ದಿನದಿಂದ ಮಾತು ಬಿಟ್ಟಿದ್ದಾನೆ. ನಿಮಗೀಗ ಮೂವತ್ತೊಂದು, ನನಗೆ ಐವತ್ತೆರಡು. ಅಜ್ಜ ಎಂದು ಕರೆದು ಬುದ್ಧಿ ಹೇಳುವುದು ವಿಚಿತ್ರವೇ. ಮಾತು ಹೆಚ್ಚುಕಡಿಮೆಯಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಗಾಳಿಗಾವಲು ರಿಪೇರಿ ಮಾಡುವವಳು. ನಾಲ್ಕು ಜನ ಕೂತ ಕೋಣೆಯ ಕಿಟಕಿ ಮುಚ್ಚಿದರೆ ಗೋಡೆಯಿಂದಲೇ ಬೈಯುವ ಪೆಟ್ಟಿಗೆಗೆ ಗಾಳಿಗಾವಲು ಎನ್ನುತ್ತೇವೆ. ಕ್ಷಯ ನಮ್ಮಲ್ಲಿ ಉಳಿದಿಲ್ಲ, ಬೈಗುಳ ಉಳಿದಿದೆ. ಮದುವೆ ಮನೆಯಲ್ಲಿ ಬೀಗರ ಎದುರೂ ಅದು ಮುಲಾಜು ನೋಡುವುದಿಲ್ಲ. ನಮ್ಮ ಸೀಮೆಯ ಗಾವಲುಗಳಿಗೆಲ್ಲ ನಿಮ್ಮ ಓಣಿಯ ಆಶಾ ಕಾರ್ಯಕರ್ತೆ ನೀಲವ್ವನದೇ ದನಿ. ಆಕೆ ನಿಮಗೆ ಕಳಿಸಿದ ವಾಯ್ಸ್ ಮೆಸೇಜುಗಳೆಲ್ಲ ನಿಮ್ಮ ಹಳೆಯ ಫೋನಿನಲ್ಲಿ ಸಿಕ್ಕಿದವು. "ಹುಲಿಗೆಪ್ಪಣ್ಣಾ, ತಾಟು ಬ್ಯಾರೆ ಇಟ್ರ ಏನ್ ಬಂತು? ಜಡ್ಡು ತಾಟಿನಾಗ ಇಲ್ಲ, ಕೆಮ್ಮಿದ ಗಾಳ್ಯಾಗ ಐತಿ. ಮೊದಲ ಕಿಟಕಿ ತಗೀರಿ!"

ಹೌದಲ್ಲ ಅಜ್ಜ? ಕಫದ ಪರೀಕ್ಷೆಯಲ್ಲಿ ಟಿಬಿ ಎಂದು ಗೊತ್ತಾದ ದಿನವೇ ನಿಮ್ಮ ತಾಟು, ಲೋಟ ಹಿತ್ತಿಲಿಗೆ ಹೋದವು. ಮಲಗುವುದು ಮಾತ್ರ ಐದು ಜನ ಒಂದೇ ಕೋಣೆಯಲ್ಲಿ, ಥಂಡಿ ಬರಬಾರದೆಂದು ಕಿಟಕಿಗೆ ಗೋಣಿಚೀಲ ತುರುಕಿ. ಲೋಟಕ್ಕೆ ವನವಾಸ, ಕೆಮ್ಮಿಗೆ ಪಟ್ಟಾಭಿಷೇಕ! ಪಾಪ, ಆ ಲೋಟ ಏನು ತಪ್ಪು ಮಾಡಿತ್ತೋ.

ಆದರೂ ಎರಡು ತಿಂಗಳು ಒಂದು ದಿನ ತಪ್ಪದೆ ಗುಳಿಗೆ ನುಂಗಿದಿರಿ. ಕೆಮ್ಮು ನಿಂತಿತು, ಮೈ ತುಂಬಿತು. ಲಗ್ನದ ಸೀಜನ್ನಿಗೆ ಬ್ಯಾಂಡಿನ ಓಡಾಟವೆಂದು ಉಳಿದ ನಾಲ್ಕು ತಿಂಗಳದ್ದನ್ನು, ತಿಂಗಳಿಗೆ ಇಪ್ಪತ್ತೆಂಟು ದಿನದ ಲೆಕ್ಕದಲ್ಲಿ, ನೀಲವ್ವನಿಂದ ಒಮ್ಮೆಗೇ ಇಸಿದುಕೊಂಡಿರಿ. ಆಮೇಲೆ ನೀವು ಡ್ರಮ್ ಬಾರಿಸುವ ಬಸಪ್ಪನಿಗೆ ಕಳಿಸಿದ ಮೆಸೇಜೂ ನನ್ನ ಹತ್ತಿರ ಇದೆ: "ಬಸ್ಯಾ, ಆ ಗುಳಿಗಿ ನುಂಗಿದ್ರ ಬೆವರೂ ಕೇಸರಿ, ಉಚ್ಚೀನೂ ಕೇಸರಿ. ಯುನಿಫಾರ್ಮಿನ ಬಿಳೀ ಪ್ಯಾಂಟು ನೋಡಿ ಬೀಗರು ನಕ್ಕಾರ. ಈಗ ಆರಾಮ ಅದೀನಿ, ಸೀಜನ್ ಮುಗೀಲಿ, ನೋಡೂಣು." ನೀಲವ್ವ ಕೇಳಿದಾಗ ಮಾತ್ರ "ನುಂಗೀನವ್ವಾ ತಂಗಿ" ಎಂದಿರಿ. ಕ್ಲಾರ್ನೆಟ್ ನುಡಿಸುವಾಗ ಇಲ್ಲದ ಅಪಸ್ವರ ಆ ಮಾತಿನಲ್ಲಿದೆ.

ಗುಳಿಗೆಯ ಬಣ್ಣ ಮೈಯಿಂದ ಹೊರಗೆ ಬರುತ್ತದೆ ಅಷ್ಟೇ, ಅದರಿಂದ ಕೇಡಿಲ್ಲ. ಕೇಡು ಇರುವುದು ಅರ್ಧಕ್ಕೆ ಬಿಡುವುದರಲ್ಲಿ. ಅರ್ಧ ಹೊಡೆದು ಬಿಟ್ಟ ಹಾವಿನ ಹಾಗೆ ಆ ರೋಗ ತಿರುಗಿ ಬಂತು. ಹಳೆಯ ಮದ್ದಿಗೆ ಅದು ಬಗ್ಗಲಿಲ್ಲ. ಮುಂದಿನ ಸೀಜನ್ನಿಗೆ ನೀವಿರಲಿಲ್ಲ. ಚೆಂದ ನುಡಿಸುತ್ತಿದ್ದ, ದೃಷ್ಟಿ ತಾಗಿತು ಎಂದು ಮನೆಯವರು ನೂರೈವತ್ತು ವರ್ಷ ಹೇಳಿಕೊಂಡು ಬಂದರು. ಆಗ ಎಂಟು ತಿಂಗಳ ಕೂಸಾಗಿದ್ದ ನಿಮ್ಮ ರೇಣುಕಾ ತೊಂಬತ್ತು ವರ್ಷ ಬಾಳಿದಳು. ಅಪ್ಪ ನುಡಿಸಿದ್ದನ್ನು ಒಂದು ಸಲವೂ ಕೇಳಿದ ನೆನಪಿಲ್ಲ ಎಂದು ಕೊನೆಯವರೆಗೂ ಅಂದಳಂತೆ. ಅದನ್ನು ನೆನೆದರೆ ನನಗೆ ಈಗಲೂ ಅಳು ಬರುತ್ತದೆ.

ನೀವು ಬದುಕಿದರೆ ಮುಂದಿನದೆಲ್ಲ ಅದಲುಬದಲಾದೀತು ಎಂದು ಹಿಂದಂಚೆಯವರು ಹೆದರಿಸುತ್ತಾರೆ. ಆಗಲಿ. ನಿಮ್ಮ ಮೊಂಡು ಮೂಗು ನನಗೆ ಬಂದಿದೆ, ಅದು ಬದಲಾದರೆ ಲಾಭವೇ.

ನಿಮ್ಮ ಕ್ಲಾರ್ನೆಟ್ ಪೆಟ್ಟಿಗೆ ನನ್ನ ಮುಂದೆ ತೆರೆದಿದೆ. ಮಖಮಲ್ಲಿನ ಕೆಳಗೆ ನೀವು ಬಚ್ಚಿಟ್ಟ ನೂರಾ ಹನ್ನೆರಡು ದಿನದ ಗುಳಿಗೆಗಳು ಹಾಗೇ ಇವೆ. ಈ ಕಾಗದ ನಿಮ್ಮ ಕೈ ಸೇರುವ ದಿನಕ್ಕೆ ನೀವು ಗುಳಿಗೆ ಬಿಟ್ಟು ನಾಲ್ಕೇ ದಿನವಾಗಿರುತ್ತದೆ. ಈಗಲೇ ನೀಲವ್ವನ ಹತ್ತಿರ ಹೋಗಿ ನಿಜ ಹೇಳಿ. ಬೈಯುತ್ತಾಳೆ, ಬೈಸಿಕೊಳ್ಳಿ, ನಾವು ದಿನಾ ಬೈಸಿಕೊಳ್ಳುತ್ತಿಲ್ಲವೇ? ಕೂಸಿಗೂ ತಪಾಸಣೆ ಮಾಡಿಸಿ. ಆಕೆ ಹೇಳಿದ ಹಾಗೆ ಮತ್ತೆ ಶುರು ಮಾಡಿ, ಕೊನೆಯ ಗುಳಿಗೆಯವರೆಗೂ ನುಂಗಿ. ಸೀಜನ್ನಿಗೆ ಕಪ್ಪು ಪ್ಯಾಂಟು ಹೊಲಿಸಿ.

ನೀವು ಅಲ್ಲಿ ನುಂಗಿದ್ದು ಇಲ್ಲಿ ಕಮ್ಮಿಯಾಗಬೇಕು. ನಾನು ನೋಡುತ್ತಾ ಕೂತಿದ್ದೇನೆ, ಅಜ್ಜ. ಒಂದಾದರೂ ಕಮ್ಮಿ ಮಾಡಿ.

ಪೆಟ್ಟಿಗೆ ಖಾಲಿಯಾಗುವುದನ್ನೇ ಕಾಯುತ್ತಿರುವ,
ಚಿನ್ನವ್ವ