ಸಭಾಭವನದ ಕೀಲಿಕೈ

ನಂಜನಗೂಡು, ಬುಧವಾರ

ಪೂಜ್ಯ ಸಭಾಪಾಲಕರಾದ ಜಯಕರ ಅಯ್ಯನವರಿಗೆ ವಂದನೆಗಳು.

ನಮ್ಮ ಪ್ರೊಟೆಸ್ಟಂಟ್ ಸಭಾಭವನದಲ್ಲಿ ಕಥೋಲಿಕರ ಜೊತೆ ನಡೆಸುವ ಶುಕ್ರವಾರದ ಪ್ರಾರ್ಥನೆ ನಿಲ್ಲಿಸಬೇಕು, ಇಲ್ಲವೇ ನನ್ನ ಬಳಿಯಿರುವ ಅದರ ಕೀಲಿಕೈ ಒಪ್ಪಿಸಬೇಕು ಎಂದು ಬರೆದಿದ್ದೀರಿ. ಆ ಪ್ರಾರ್ಥನೆಯಲ್ಲಿ ಒಂದೇ ಸಾಲನ್ನು ಇಪ್ಪತ್ತು ಸಲ ಹಾಡುವುದು ವ್ಯರ್ಥ ಎಂದೂ ಅಂದಿದ್ದೀರಿ. ಒಂದೇ ಮಾತನ್ನು ಮುಕ್ಕಾಲು ಗಂಟೆ ಹೇಳುವ ತಮ್ಮ ಪ್ರಸಂಗಗಳನ್ನು ಹನ್ನೊಂದು ವರ್ಷ ಕೂತು ಕೇಳಿದ್ದೇನೆ. ವ್ಯರ್ಥವೆಂದು ಎಂದಾದರೂ ಕಾಗದ ಬರೆದೆನೇ?

ಹಾಡಿನ ನಂತರ ಮೌನವಾಗಿ ಕೂರುವಾಗ ಕಥೋಲಿಕರು ನಮಗೆ ಏನು ಕಲಿಸುತ್ತಾರೆ ಎಂಬ ತಮ್ಮ ಸಂಶಯವನ್ನು ಅವರ ಪೈಕಿಯ ರೀಟಮ್ಮನ ಮುಂದೆಯೇ ಇಟ್ಟೆ. "ಬಾಯ್ ಮುಚ್ಕಂಡು ಏನ್ ಕಲ್ಸಾಕಾದದವ್ವಾ? ನಿಮ್ ಅಯ್ನೋರ್ನೂ ಕರ್ಕಂಬಾ, ಸುಮ್ಕೆ ಕೂರದು ಎಂಗೆ ಅಂತ ತೋರುಸ್ತೀನಿ" ಎಂದಳು. ಆಹ್ವಾನವನ್ನು ಯಥಾವತ್ತಾಗಿ ತಲುಪಿಸಿದ್ದೇನೆ.

ನಮ್ಮ ಯಜಮಾನರು ತೀರಿಕೊಂಡಾಗ ಸಭೆಯವರೆಲ್ಲ ಬಂದು ಸಮಾಧಾನ ಹೇಳಿ ಹೋದರು. ಏನೂ ಹೇಳದೆ, ಎದ್ದೂ ಹೋಗದೆ ಪಕ್ಕದಲ್ಲಿ ಕೂತವಳು ರೀಟಮ್ಮ ಒಬ್ಬಳೇ. ಅವಳನ್ನು ನಾನು ಬಿಡುವುದಿಲ್ಲ.

ಕೀಲಿಕೈ ಈ ಲಕೋಟೆಯಲ್ಲೇ ಇದೆ. ಬೀಗ ಸ್ವಲ್ಪ ಮೊಂಡು, ಮೇಲೆತ್ತಿ ತಿರುಗಿಸಬೇಕು. ಶುಕ್ರವಾರ ಸಂಜೆ ಆರಕ್ಕೆ ನಾವು ನಮ್ಮ ಮನೆಯ ಜಗುಲಿಯಲ್ಲಿ ಕೂರುತ್ತೇವೆ. ಅದಕ್ಕೆ ಬಾಗಿಲಿಲ್ಲ. ತಾವೂ ಬರಬಹುದು, ಚಾಪೆ ತಂದುಕೊಳ್ಳಿ.

ತಾವು ಸಭೆಯ ಪಟ್ಟಿಯಿಂದ ನನ್ನ ಹೆಸರು ಹೊಡೆದುಹಾಕುವವರೆಗೂ ತಮ್ಮ ಸಭೆಯವಳೇ ಆದ,
ಸುಗುಣಾ ದೇವದಾನ