ಬಲಕ್ಕೆ ಹಾರುವ ಗುಟ್ಟು

ಮಾರ್ಚ್ 3, ಶುಕ್ರವಾರ

ಬೆಳಿಗ್ಗೆ ಆರಕ್ಕೇ ಫುಟ್‌ಬಾಲ್ ಮೈದಾನಕ್ಕೆ ಸುಣ್ಣದ ಗೆರೆ ಎಳೆದೆ. ನಾನೆಳೆದ ಗೆರೆ ನೋಡಿ ಸ್ಕೇಲು ನಾಚಬೇಕು. ಓದಿದ್ದು ಹಳ್ಳಿ ಶಾಲೆಯ ಏಳನೇ ಕ್ಲಾಸು. ಆದರೂ ಹನ್ನೊಂದು ವರ್ಷದಿಂದ ಇಲ್ಲಿ ಒದ್ದ ಪ್ರತಿ ಪೆನಾಲ್ಟಿಯೂ ನನ್ನ ನೋಟ್‌ಬುಕ್ಕಿನಲ್ಲಿದೆ—ಯಾರು ಒದ್ದರು, ಯಾವ ಕಡೆಗೆ. ಕೋಚ್‌ಗಳು ಟೀ ನೆಪದಲ್ಲಿ ನನ್ನ ಸ್ಟೋರ್ ರೂಮಿಗೆ ಬರುವುದು ಇದಕ್ಕೇ. ಟೀಯಂತೂ ಕುಡಿಯುವ ಹಾಗಿರುವುದಿಲ್ಲ.

ನನಗೆ ‘ರೇಡಿಯೋ’ ಎಂದು ಹೆಸರಿಟ್ಟಿದ್ದಾರೆ. ಹೋದ ವರ್ಷ ತಂಗಿಯ ಮಗಳ ಹೆಬ್ಬೆರಳು ಉಳುಕಿದ್ದನ್ನು ಬೆಳಿಗ್ಗೆ ಒಬ್ಬನಿಗೆ ಹೇಳಿದೆ. ಸಂಜೆಗೆ ಎಲ್ಲ ಟೀಮಿಗೂ ಗೊತ್ತು. ಗೋಲ್‌ಕೀಪರ್ ಅವಳು. ವಾರ ಮಾತು ಬಿಟ್ಟಿದ್ದಳು.

ಮಾರ್ಚ್ 5, ಭಾನುವಾರ

ತಂಗಿಯ ಮಗಳು ಊಟಕ್ಕೆ ಬಂದಳು. ಹೆಂಡತಿ ಹೋದ ಮೇಲೆ ಎರಡನೇ ತಟ್ಟೆ ಗೂಡಿನಿಂದ ಕೆಳಗಿಳಿಯುವುದು ಭಾನುವಾರ ಮಾತ್ರ.

ಗೇಮ್ ಥಿಯರಿ ಅಂತ ಏನೋ ಓದುತ್ತಿದ್ದಾಳೆ. ಒದೆಯುವವಳು ಕೀಪರ್ ಏನು ಮಾಡುತ್ತಾಳೆಂದು ಯೋಚಿಸುತ್ತಾಳಂತೆ, ಅವಳ ಯೋಚನೆ ಏನಿರಬಹುದೆಂದು ಕೀಪರ್ ಯೋಚಿಸಬೇಕಂತೆ. ಸದಾ ಒಂದೇ ಕಡೆ ಹಾರಿದರೆ ಕೆಟ್ಟಳಂತೆ. ನಾಣ್ಯ ಚಿಮ್ಮಿದ ಹಾಗೆ, ಯಾರಿಗೂ ಗೊತ್ತಾಗಬಾರದಂತೆ. ಇದಕ್ಕೆ ಪುಸ್ತಕ ಬೇರೆ ಬೇಕಾ? ಕಣ್ಣಾಮುಚ್ಚಾಲೆಯಲ್ಲಿ ಎರಡು ಸಲ ಒಂದೇ ಕಡೆ ಅವಿತವನಲ್ಲ ನಾನು.

ಮುಂದಿನ ಭಾನುವಾರ ಫೈನಲ್. ಗೆದ್ದರೆ ಅವಳಿಗೆ ದೊಡ್ಡ ಟೀಮಿನಲ್ಲಿ ಜಾಗ. ಬರುವ ವರ್ಷಕ್ಕೆ ವಯಸ್ಸು ಮೀರುತ್ತದೆ. ಎದುರು ಟೀಮಿನ ಕ್ಯಾಪ್ಟನ್‌ನನ್ನು ನಾವು ಕರೆಯುವುದು ‘ಉದ್ದಕಾಲಿ’ ಅಂತ. ನನ್ನ ಲೆಕ್ಕದಲ್ಲಿ ಅವಳು ಒದ್ದ ನಲವತ್ತೆರಡರಲ್ಲಿ ಮೂವತ್ತೊಂದು ಕೀಪರಿನ ಬಲಕ್ಕೇ.

ಹೊರಡುವಾಗ ಬಾಗಿಲಲ್ಲಿ ನಿಂತಳು. “ಉದ್ದಕಾಲಿ ಒದೆಯೋಕೆ ಬಂದ್ರೆ ನಾನು ಬಲಕ್ಕೇ ಹಾರ್ತೀನಿ. ಯಾರಿಗೂ ಹೇಳ್ಬೇಡ ಮಾವ.” ಮೆಟ್ಟಿಲಿಳಿದವಳು ಮತ್ತೆ ಬಂದು ಅದನ್ನೇ ಹೇಳಿ ಹೋದಳು.

ಮಾರ್ಚ್ 9, ಗುರುವಾರ

ಉದ್ದಕಾಲಿಯ ಕೋಚ್ ಬಂದಿದ್ದ. ಆ ಟೀ ಎರಡು ಲೋಟ ಕುಡಿದ, ಪಾಪ. ತಂಗಿ ಮಗಳು ಹೇಗೆ ಪ್ರಾಕ್ಟೀಸ್ ಮಾಡ್ತಿದ್ದಾಳೆ ಎಂದ. ನಾಲಿಗೆ ತುದಿಯಲ್ಲೇ ಇತ್ತು... ನುಂಗಿದೆ. ಅರ್ಧ ಗಂಟೆ ಸುಣ್ಣದ ಬಗ್ಗೆ ಮಾತಾಡಿದೆ. ಹುಟ್ಟಿದ ಮೇಲೆ ಮೊದಲ ಸಲ ಬಾಯಿಗೆ ಬೀಗ. ಆ ಹೆಬ್ಬೆರಳಿನ ಋಣ ತೀರಿತು.

ಮಾರ್ಚ್ 12, ಸಂಜೆ

ನಮ್ಮವರು ಸೋತರು.

ಕೊನೆಯ ಪೆನಾಲ್ಟಿ ಉದ್ದಕಾಲಿಯದೇ. ಯಾವತ್ತಿನ ಹಾಗೆ ಬಲಕ್ಕೇ ಒದ್ದಳು. ನಮ್ಮವಳು ಎಡಕ್ಕೆ ಹಾರಿದಳು—ಎಡಕ್ಕೆ!

ಎಲ್ಲರೂ ಹೋದ ಮೇಲೂ ಗೋಲ್ ಕಂಬಕ್ಕೆ ಒರಗಿ ಕೂತಿದ್ದಳು. ಹತ್ತಿರ ಹೋದೆ.

“ಅವರ ಕೋಚ್‌ಗೆ ನೀನು ಹೇಳ್ಲಿಲ್ವಾ ಮಾವ?”

“ನಿನ್ನಾಣೆಗೂ ಇಲ್ಲ ಕಣೇ. ಒಂದು ನರಪಿಳ್ಳೆಗೂ ಹೇಳಿಲ್ಲ.”

ಗ್ಲೌಸ್ ಬಿಚ್ಚುತ್ತಿದ್ದವಳು ನಿಲ್ಲಿಸಿದಳು. “ನೀನು ಹೇಳೇ ಹೇಳ್ತೀಯ ಅಂದ್ಕೊಂಡಿದ್ದೆ. ಹೇಳಿದ್ರೆ ಅವಳು ಎಡಕ್ಕೆ ಒದೀತಿದ್ಲು.” ಗ್ಲೌಸ್ ಎರಡನ್ನೂ ಒಂದರೊಳಗೊಂದು ತುರುಕಿ, “ನಿನ್ನ ಬಾಯಿ ನಂಬ್ಕೊಂಡಿದ್ದೆ ಮಾವ.”

ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 26, ಭಾನುವಾರ

ಹೋದ ವಾರವೂ ಬರಲಿಲ್ಲ. ಇವತ್ತೂ ಇಲ್ಲ. ತಂಗಿ ಫೋನ್ ಮಾಡಿದ್ದಳು—ದೊಡ್ಡ ಟೀಮಿಗೆ ಬೇರೆ ಯಾರನ್ನೋ ತೆಗೆದುಕೊಂಡರಂತೆ. ಉದ್ದಕಾಲಿಯ ನಲವತ್ತಮೂರನೆಯದನ್ನು ಬರೆಯಲು ನೋಟ್‌ಬುಕ್ ತೆಗೆದೆ. ಬರೆಯದೇ ಮುಚ್ಚಿದೆ. ಕೋಚ್‌ಗಳು ಬಂದರೆ ಹಲ್ಲುನೋವು ಎನ್ನುತ್ತೇನೆ.

ಏಪ್ರಿಲ್ 2, ಭಾನುವಾರ, ಮಧ್ಯಾಹ್ನ 1

ಎರಡೂ ತಟ್ಟೆ ಇಳಿಸಿದ್ದೇನೆ. ಮಾವನೇ ಫೋನ್ ಮಾಡಲಿ ಎಂದು ಅವಳು ಕೂತಿರಬಹುದು. ಅವಳೇ ಮಾಡಲಿ ಎಂದು ನಾನು ಕೂತಿರುವೆನೆಂದು ಅವಳಿಗೆ ಗೊತ್ತಿರಬಹುದು. ಹೀಗೇ ಯೋಚಿಸಿದರೆ ಇಬ್ಬರೂ ಗೋಲಿನ ನಡುವೆ ನಿಂತೇ ಇರುತ್ತೇವೆ.

ನಾಣ್ಯ ಚಿಮ್ಮಿದೆ. ಮಂಚದ ಕೆಳಗೆ ಉರುಳಿತು. ಬಗ್ಗಿ ನೋಡಲಿಲ್ಲ.

ಫೋನ್ ಭುಜಕ್ಕೆ ಸಿಕ್ಕಿಸಿಕೊಂಡು ಬರೆಯುತ್ತಿದ್ದೇನೆ. ಕೈಗೊಂದು ಕೆಲಸ ಬೇಕು. ನಾಲ್ಕನೇ ರಿಂಗು... ಐದು... ಎತ್ತಿದಳು. ರೇಡಿಯೋ ಅಂತೆ ರೇಡಿಯೋ, ಈಗ ಮೊದಲ ಮಾತು ನನ್ನದೇ—